ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳು ಮತ್ತು ಚೀನಾದ ವಿದ್ಯಾಭ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾದ ಹಳೆಯ ವಿದ್ಯಾಪದ್ಧತಿಯ ಬಗ್ಗೆ ಮಾತನಾಡಿದಾಗಲೂ ಬರೆದಾಗಲೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು ಇಲ್ಲಿ ಒಟ್ಟುಮಾಡಲಾಗಿದೆ. ಸುಲಭದ ಪ್ರಶ್ನೆಗಳು ಮೊದಲು, ತೊಡಕಿನವು ಆಮೇಲೆ. ಚೀನೀ ಹೆಸರುಗಳನ್ನು ಕನ್ನಡ ನಾಲಗೆಗೆ ಹೊಂದುವಂತೆ ಬರೆಯಲಾಗಿದ್ದು, ಮೂಲದ ಸ್ವರಭೇದಗಳನ್ನು ನಮ್ಮ ಲಿಪಿಯಲ್ಲಿ ತೋರಿಸುವ ಪ್ರಯತ್ನ ಮಾಡಿಲ್ಲ.

## ಮೊದಲ ಪರಿಚಯ

ಕನ್‌ಫ್ಯೂಷಿಯಸ್ ಬರೆದ ಪುಸ್ತಕ ಯಾವುದು? ಒಂದೇ ಹೆಸರು ಹೇಳಿ, ಓದಿಕೊಳ್ಳುತ್ತೇನೆ.

ಅವನೇ ಬರೆದದ್ದು ಎಂದು ನಿಸ್ಸಂದೇಹವಾಗಿ ಹೇಳಬಹುದಾದ ಪುಸ್ತಕ ಒಂದೂ ಇಲ್ಲ. ಕ್ರಿ.ಪೂ. 551ರಿಂದ 479ರವರೆಗೆ, ಇಂದಿನ ಶಾನ್‌ದೊಂಗ್ ಪ್ರಾಂತದಲ್ಲಿದ್ದ ಲು ಎಂಬ ರಾಜ್ಯದಲ್ಲಿ ಬಾಳಿದ ಈ ಗುರು, ತಾನು ಹಳೆಯದನ್ನು ದಾಟಿಸುವವನೇ ಹೊರತು ಹೊಸದನ್ನು ಕಟ್ಟುವವನಲ್ಲ ಎಂದು ಹೇಳಿಕೊಂಡಿದ್ದಾನೆ. ಹಳೆಯ ಹಾಡು, ದಾಖಲೆ, ವಿಧಿಗಳನ್ನು ಅವನು ಆರಿಸಿ ಜೋಡಿಸಿದನೆಂದು ಪರಂಪರೆ ನಂಬುತ್ತದೆ. ಈಗಿನ ವಿದ್ವಾಂಸರಲ್ಲಿ ಹೆಚ್ಚಿನವರು ಅಷ್ಟನ್ನೂ ಒಪ್ಪುವುದಿಲ್ಲ. ಒಂದೇ ಹೆಸರು ಬೇಕೆಂದರೆ ‘ಲುನ್ ಯು’ ಎನ್ನಬೇಕು. ಅದು ಅವನು ಶಿಷ್ಯರೊಂದಿಗೆ ಆಡಿದ ಮಾತುಗಳ ಸಂಗ್ರಹ, ಶಿಷ್ಯರೂ ಅವರ ಶಿಷ್ಯರೂ ಕಟ್ಟಿದ್ದು. ಇಪ್ಪತ್ತು ಅಧ್ಯಾಯಗಳಲ್ಲಿ ಸುಮಾರು ಐನೂರು ತುಣುಕುಗಳಿವೆ. ಕೆಲವು ಒಂದೇ ಸಾಲಿನವು, ಒಂದಕ್ಕೂ ಮುಂದಿನದಕ್ಕೂ ಎಷ್ಟೋ ಸಲ ಸಂಬಂಧವಿಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದು ವಾದವನ್ನು ನಿರೀಕ್ಷಿಸಿ ಹೊರಟವರಿಗೆ ಇದು ನಿರಾಶೆ ತರಬಹುದು.

ಐದು ಗ್ರಂಥ ಅಂತಲೂ ಕೇಳಿದ್ದೇನೆ, ನಾಲ್ಕು ಪುಸ್ತಕ ಅಂತಲೂ, ಹದಿಮೂರು ಅಂತಲೂ. ಯಾವ ಲೆಕ್ಕ ಸರಿ?

ಮೂರೂ ಸರಿ, ಆದರೆ ಮೂರೂ ಬೇರೆ ಬೇರೆ ಕಾಲದ ಪಠ್ಯಕ್ರಮಗಳು. ಹಾನ್ ವಂಶದ ಕಾಲದಲ್ಲಿ (ಕ್ರಿ.ಪೂ. 206–ಕ್ರಿ.ಶ. 220) ನಿಂತ ಐದು ಗ್ರಂಥಗಳೆಂದರೆ ಭವಿಷ್ಯ ನೋಡುವ ರೇಖಾಚಿತ್ರಗಳಿಂದ ಬೆಳೆದ ‘ಪರಿವರ್ತನೆಗಳು’, ಪ್ರಾಚೀನ ಅರಸರ ಮಾತು ಆಣತಿಗಳ ‘ದಾಖಲೆಗಳು’, 305 ಕವಿತೆಗಳ ‘ಹಾಡುಗಳು’, ವಿಧಿ ನಡವಳಿಕೆಗಳ ‘ವಿಧಿಗಳು’, ಮತ್ತು ಲು ರಾಜ್ಯದ ವರ್ಷವಾರು ಘಟನಾವಳಿಯಾದ ‘ವಸಂತ ಶರತ್ತು’. ಸಂಗೀತದ ಆರನೆಯ ಗ್ರಂಥವೊಂದು ಇದ್ದು ಕಳೆದುಹೋಯಿತೆಂಬ ನಂಬಿಕೆಯೂ ಇದೆ. ನಾಲ್ಕು ಪುಸ್ತಕಗಳು ಸುಮಾರು ಸಾವಿರದ ಮುನ್ನೂರು ವರ್ಷಗಳ ನಂತರದ ಆಯ್ಕೆ: ಲುನ್ ಯು, ಕ್ರಿ.ಪೂ. ನಾಲ್ಕನೆಯ ಶತಮಾನದ ಕನ್‌ಫ್ಯೂಷಿಯಸ್ ಪಂಥದ ಗುರು ಮೆನ್‌ಶಿಯಸ್‌ನ ಸಂವಾದಗಳು, ‘ಮಹಾವಿದ್ಯೆ’, ‘ಮಧ್ಯಮ ನೆಲೆ’. ಕೊನೆಯ ಎರಡು ‘ವಿಧಿಗಳು’ ಗ್ರಂಥದಿಂದ ಕಿತ್ತು ತೆಗೆದ ಅಧ್ಯಾಯಗಳು. ಐದರಲ್ಲಿನ ವಿಧಿಗ್ರಂಥವನ್ನು ಮೂರಾಗಿ ಎಣಿಸಿ, ‘ವಸಂತ ಶರತ್ತು’ವಿನ ಮೂರು ಭಾಷ್ಯಗಳನ್ನು ಬೇರೆ ಬೇರೆಯಾಗಿ ಹಿಡಿದು, ಲುನ್ ಯು, ಮೆನ್‌ಶಿಯಸ್, ಪಿತೃಭಕ್ತಿಯ ಒಂದು ಕಿರುಹೊತ್ತಗೆ ಮತ್ತು ಒಂದು ಹಳೆಯ ಪದಕೋಶವನ್ನು ಕೂಡಿಸಿದರೆ ಹದಿಮೂರಾಗುತ್ತದೆ.

ಇವು ಅವರಿಗೆ ನಮ್ಮ ವೇದಗಳಿದ್ದ ಹಾಗೆಯೇ?

ಕಂಠಪಾಠದ ಮಟ್ಟಿಗೆ ಹೋಲಿಕೆ ಇದೆ, ಅದರಾಚೆ ದಾರಿ ಬೇರೆಯಾಗುತ್ತದೆ. ಈ ಗ್ರಂಥಗಳನ್ನು ಯಾರೂ ಅಪೌರುಷೇಯವೆಂದು ಕರೆಯಲಿಲ್ಲ; ಹಿಂದಿನ ಋಷಿಸದೃಶ ಅರಸರ ಮತ್ತು ಗುರುಗಳ ಮಾತೆಂದೇ ಗೌರವಿಸಿದರು. ಇನ್ನೂ ಮುಖ್ಯವಾದ ವ್ಯತ್ಯಾಸ ಧ್ವನಿಯದು. ವೇದದಲ್ಲಿ ಸ್ವರ ತಪ್ಪಿದರೆ ಮಂತ್ರವೇ ಕೆಟ್ಟಂತೆ. ಚೀನಾದಲ್ಲಿ ಪ್ರಮಾಣವಾಗಿದ್ದು ಬರೆದ ಅಕ್ಷರ; ಗ್ವಾಂಗ್‌ಝೌ ಬಾಲಕನೂ ಬೀಜಿಂಗ್ ಬಾಲಕನೂ ಒಂದೇ ಸಾಲನ್ನು ಪರಸ್ಪರ ಅರ್ಥವಾಗದ ಉಚ್ಚಾರಣೆಯಲ್ಲಿ ಓದಿದರೂ ಇಬ್ಬರದೂ ಸರಿಯೇ ಆಗಿತ್ತು.

ಹೆಸರಿನಲ್ಲಿ ಮಾತ್ರ ಒಂದು ಸೊಗಸಾದ ನಂಟಿದೆ. ಗ್ರಂಥಕ್ಕೆ ಅವರು ಬಳಸುವ ‘ಜಿಂಗ್’ ಎಂಬ ಪದ ಮೂಲದಲ್ಲಿ ಮಗ್ಗದ ಹಾಸುನೂಲನ್ನು ಸೂಚಿಸುತ್ತದೆ, ಅದರ ಜೊತೆಗೆ ಹುಟ್ಟಿಕೊಂಡ ಉಪಗ್ರಂಥಗಳಿಗೆ ಹೊಕ್ಕುನೂಲು ಎಂಬ ಹೆಸರೇ ಬಂತು. ಭಾರತದಿಂದ ಬೌದ್ಧ ‘ಸೂತ್ರ’ಗಳು ಅಲ್ಲಿಗೆ ಹೋದಾಗ ಅವಕ್ಕೂ ಇದೇ ಜಿಂಗ್ ಪದವನ್ನು ಕೊಟ್ಟರು. ಸೂತ್ರವೆಂದರೂ ನೂಲೇ ಅಲ್ಲವೇ.

ಚಿನ್ ಚಕ್ರವರ್ತಿ ಪುಸ್ತಕಗಳನ್ನೆಲ್ಲ ಸುಟ್ಟನಂತೆ. ಮತ್ತೆ ಇವು ಉಳಿದದ್ದು ಹೇಗೆ?

ಕ್ರಿ.ಪೂ. 213ರಲ್ಲಿ ಮಂತ್ರಿ ಲಿ ಸಿಯ ಸಲಹೆಯಂತೆ, ಖಾಸಗಿಯವರ ಬಳಿಯಿದ್ದ ‘ಹಾಡುಗಳು’, ‘ದಾಖಲೆಗಳು’ ಮತ್ತು ಇತರ ಪಂಥಗಳ ಬರಹಗಳನ್ನು ಸುಡಬೇಕೆಂಬ ಆಜ್ಞೆ ಹೊರಟಿತು. ವೈದ್ಯ, ಕೃಷಿ, ಶಕುನದ ಪುಸ್ತಕಗಳಿಗೆ ವಿನಾಯಿತಿ ಇತ್ತು. ‘ಪರಿವರ್ತನೆಗಳು’ ಶಕುನದ ಲೆಕ್ಕದಲ್ಲಿ ಪಾರಾಯಿತು. ‘ಹಾಡುಗಳು’ ಜನರ ಬಾಯಲ್ಲಿದ್ದುದರಿಂದ ಉಳಿದವು. ‘ದಾಖಲೆಗಳು’ ಉಳಿದದ್ದು ಫು ಶೆಂಗ್ ಎಂಬ ವಿದ್ವಾಂಸ ತನ್ನ ಬಿದಿರಿನ ಪಟ್ಟಿಗಳನ್ನು ಗೋಡೆಯೊಳಗೆ ಅಡಗಿಸಿಟ್ಟಿದ್ದರಿಂದ. ಯುದ್ಧ ಮುಗಿದ ಮೇಲೆ ಗೋಡೆ ಬಿಚ್ಚಿ ನೋಡಿದರೆ ಹಲವು ಪಟ್ಟಿಗಳು ಹೋಗಿದ್ದವು, 29 ಅಧ್ಯಾಯಗಳು ಮಾತ್ರ ಸಿಕ್ಕಿದವು. ಅರಮನೆಯ ಅಧಿಕಾರಿಯೊಬ್ಬ ಕಲಿಯಲು ಬಂದಾಗ ಅವನಿಗೆ ತೊಂಬತ್ತು ದಾಟಿತ್ತು.

ಮತ್ತೆ ಹಾಗಾಗದಿರಲೆಂದೋ, ಪಾಠಭೇದಗಳ ಜಗಳ ಮುಗಿಯಲೆಂದೋ, ಮುಂದಿನ ಅರಸರು ಗ್ರಂಥಗಳನ್ನು ಕಲ್ಲಿಗೆ ಇಳಿಸಿದರು. ಕ್ರಿ.ಶ. 175ರಲ್ಲಿ ತ್ಸಾಯ್ ಯುಂಗ್ ಮೊದಲಾದವರ ಮನವಿಯಂತೆ ಲೊಯಾಂಗ್‌ನ ರಾಜವಿದ್ಯಾಲಯದ ಮುಂದೆ ನಿಲ್ಲಿಸಲು ಆರಂಭಿಸಿದ ಶಿಲೆಗಳನ್ನು ನೋಡಿ ನಕಲು ಮಾಡಿಕೊಳ್ಳಲು ದಿನಕ್ಕೆ ಸಾವಿರಕ್ಕೂ ಹೆಚ್ಚು ಬಂಡಿಗಳು ಬಂದು ಬೀದಿ ಕಟ್ಟಿಕೊಳ್ಳುತ್ತಿತ್ತೆಂದು ಅಂದಿನ ಇತಿಹಾಸ ಹೇಳುತ್ತದೆ. ಅವು ಇಂದು ಚೂರುಗಳಾಗಿ ಉಳಿದಿವೆ. 837ರಲ್ಲಿ ಮುಗಿದ ತಾಂಗ್ ಕಾಲದ ಶಿಲೆಗಳನ್ನು ಶಿಯಾನ್ ನಗರದ ಶಿಲಾವನದಲ್ಲಿ ಈಗಲೂ ನೋಡಬಹುದು. ಬೀಜಿಂಗ್‌ನ ಹಳೆಯ ರಾಜವಿದ್ಯಾಲಯದಲ್ಲಿ ಹದಿಮೂರು ಗ್ರಂಥಗಳನ್ನು ಹೊತ್ತ 189 ಫಲಕಗಳಿವೆ. ಅವುಗಳ ಮೂಲವನ್ನು ಒಬ್ಬನೇ ಲಿಪಿಕಾರ ಜಿಯಾಂಗ್ ಹೆಂಗ್ ಬರೆದಿದ್ದ.

## ಪಾಠಶಾಲೆಯಲ್ಲಿ

ಶಾಲೆಗೆ ಸೇರಿದ ಮಗುವಿನ ಕೈಗೆ ನೇರವಾಗಿ ಈ ಗ್ರಂಥಗಳನ್ನೇ ಕೊಡುತ್ತಿದ್ದರೇ?

ಇಲ್ಲ. ಆರೇಳು ವರ್ಷದ ಮಗು ಮೊದಲು ಮೂರು ಕಿರುಪುಸ್ತಕಗಳನ್ನು ಕಲಿಯುತ್ತಿತ್ತು. ‘ಮೂರಕ್ಷರದ ಗ್ರಂಥ’ದಲ್ಲಿ ಸಾಲಿಗೆ ಮೂರೇ ಅಕ್ಷರ, ‘ನೂರು ಮನೆತನಗಳು’ ಬರೀ ಮನೆತನದ ಹೆಸರುಗಳ ಪಟ್ಟಿ, ಆರನೆಯ ಶತಮಾನದ ‘ಸಾವಿರ ಅಕ್ಷರ’ ಸಾವಿರ ಬೇರೆ ಬೇರೆ ಅಕ್ಷರಗಳನ್ನು ಪದ್ಯವಾಗಿ ಹೆಣೆದ ಚಮತ್ಕಾರ. ಅಕ್ಷರ ತಿದ್ದಲು ಕೆಂಪು ಮಸಿಯಲ್ಲಿ ಅಚ್ಚಾದ ಹಾಳೆಯ ಮೇಲೆ ಕಪ್ಪು ಮಸಿಯ ಕುಂಚ ಆಡಿಸುತ್ತಿದ್ದರು.

ಮೂರಕ್ಷರದ ಗ್ರಂಥದ ಮೊದಲ ನಾಲ್ಕು ಸಾಲುಗಳನ್ನು ಗಮನಿಸಬೇಕು: ‘ಹುಟ್ಟುವಾಗ ಮನುಷ್ಯನ ಸ್ವಭಾವ ಒಳ್ಳೆಯದು, ಸ್ವಭಾವದಲ್ಲಿ ಎಲ್ಲರೂ ಹತ್ತಿರ, ರೂಢಿಯಿಂದ ದೂರ.’ ಮೊದಲರ್ಧ ಮೆನ್‌ಶಿಯಸ್‌ನ ಸಿದ್ಧಾಂತ, ಎರಡನೆಯರ್ಧ ಲುನ್ ಯುವಿನ ಮಾತು. ಅಂದರೆ ಮಗು ನಾಲ್ಕು ಪುಸ್ತಕಗಳ ಮುಖ ನೋಡುವ ಮೊದಲೇ ಅವುಗಳ ಸಾರ ನಾಲಗೆಯ ಮೇಲೆ ಕೂತಿರುತ್ತಿತ್ತು. ಆಮೇಲೆ ನಾಲ್ಕು ಪುಸ್ತಕಗಳು, ಅವು ಮುಗಿದ ಮೇಲೆ ಐದು ಗ್ರಂಥಗಳು. ಹೆಚ್ಚಿನ ಮಕ್ಕಳು ಅಷ್ಟು ದೂರ ಹೋಗುತ್ತಿರಲಿಲ್ಲ. ಲೆಕ್ಕಪತ್ರಕ್ಕೆ ಬೇಕಾದಷ್ಟು ಅಕ್ಷರ ಕಲಿತು ಹೊಲಕ್ಕೋ ಅಂಗಡಿಗೋ ಮರಳುತ್ತಿದ್ದರು.

ಅರ್ಥ ಗೊತ್ತಿಲ್ಲದೆ ಉರು ಹೊಡೆಸುವುದೇ ಅವರ ವಿದ್ಯೆಯೇ?

ಮೊದಲ ಕೆಲವು ವರ್ಷಗಳ ಮಟ್ಟಿಗೆ ಹೌದೆಂದೇ ಹೇಳಬೇಕು. ಊರಿನ ಖಾಸಗಿ ಪಾಠಶಾಲೆ ನಮ್ಮ ಕಡೆಯ ಕೂಲಿಮಠವನ್ನು ನೆನಪಿಸುವಂಥದ್ದು. ಪಾಠ ಹೇಳುವವನು ಎಷ್ಟೋ ಸಲ ಸರ್ಕಾರಿ ಹುದ್ದೆಯ ಪರೀಕ್ಷೆಯಲ್ಲಿ ಮೇಲೇರಲಾಗದೆ ಉಳಿದವನು. ಗ್ರಂಥಗಳಲ್ಲಿ ವಿರಾಮಚಿಹ್ನೆ ಇರುತ್ತಿರಲಿಲ್ಲವಾದ್ದರಿಂದ ಗುರು ಕೆಂಪು ಕುಂಚದಿಂದ ವಾಕ್ಯ ಮುಗಿಯುವೆಡೆ ಗುರುತು ಹಾಕಿ ಅಂದಿನ ಪಾಠ ಓದಿಸುತ್ತಿದ್ದ. ಹುಡುಗರೆಲ್ಲ ಒಟ್ಟಿಗೆ, ಆದರೆ ಒಬ್ಬೊಬ್ಬರು ತಮ್ಮ ತಮ್ಮ ಪಾಠವನ್ನು, ಗಟ್ಟಿಯಾಗಿ ಕೂಗಿ ಓದುತ್ತಿದ್ದರು. ಒಪ್ಪಿಸುವಾಗ ಹುಡುಗ ಪುಸ್ತಕವನ್ನು ಗುರುವಿನ ಮುಂದಿಟ್ಟು ಬೆನ್ನು ತಿರುಗಿಸಿ ನಿಲ್ಲಬೇಕು. ಬಾಯಿಪಾಠ ಒಪ್ಪಿಸುವುದಕ್ಕೆ ಚೀನೀ ಭಾಷೆಯಲ್ಲಿ ಇಂದಿಗೂ ‘ಪುಸ್ತಕಕ್ಕೆ ಬೆನ್ನು ಮಾಡು’ ಎಂಬರ್ಥದ ಮಾತೇ ಇದೆ. ಒಂದೊಂದು ಭಾಗವನ್ನೂ ನೂರು ಸಲ ನೋಡಿ ಓದಿ ನೂರು ಸಲ ನೋಡದೆ ಹೇಳಬೇಕೆಂದು ಯುವಾನ್ ವಂಶದ ಕಾಲದ (1271–1368) ಶಿಕ್ಷಕ ಚೆಂಗ್ ದುವಾನ್‌ಲಿ ವೇಳಾಪಟ್ಟಿ ಹಾಕಿಕೊಟ್ಟಿದ್ದ. ಉನ್ನತ ಪರೀಕ್ಷೆಗೆ ಹೋಗುವವನು ಹೀಗೆ ಕರಗತ ಮಾಡಿಕೊಳ್ಳಬೇಕಿದ್ದ ಪಠ್ಯ ನಾಲ್ಕು ಲಕ್ಷಕ್ಕೂ ಹೆಚ್ಚು ಅಕ್ಷರಗಳದು.

ಆದರೆ ಹೀಗೆ ಉರು ಹೊಡೆದ ಪಠ್ಯದೊಳಗೇ ಉರು ಹೊಡೆಯುವುದರ ಟೀಕೆಯೂ ಇದೆ. ಮುನ್ನೂರು ಹಾಡುಗಳನ್ನು ಬಾಯಲ್ಲಿ ಹೇಳಬಲ್ಲವನು ಆಡಳಿತ ವಹಿಸಿದಾಗ ತಡವರಿಸಿದರೆ, ಹೊರನಾಡಿಗೆ ದೂತನಾಗಿ ಕಳಿಸಿದಾಗ ಸ್ವಂತವಾಗಿ ಉತ್ತರ ಕೊಡಲಾರದಿದ್ದರೆ, ಆ ಪಾಂಡಿತ್ಯದಿಂದ ಏನು ಉಪಯೋಗ ಎಂದು ಲುನ್ ಯುವಿನಲ್ಲಿ ಗುರು ಕೇಳುತ್ತಾನೆ. ಚೌಕದ ಒಂದು ಮೂಲೆ ತೋರಿಸಿದಾಗ ಉಳಿದ ಮೂರನ್ನು ತಾನೇ ಕಂಡುಕೊಂಡು ಬಾರದವನಿಗೆ ಮತ್ತೆ ಹೇಳಿಕೊಡುವುದಿಲ್ಲ ಎಂಬುದೂ ಅವನದೇ ಮಾತು. ಎರಡು ಸಾವಿರ ವರ್ಷ ಕೋಟ್ಯಂತರ ಹುಡುಗರು ಗುರುವಿಗೆ ಬೆನ್ನು ತಿರುಗಿಸಿ ನಿಂತು ಈ ಸಾಲುಗಳನ್ನೂ ತಪ್ಪಿಲ್ಲದೆ ಒಪ್ಪಿಸಿದರು.

ಇನ್ನೊಂದು ಕಡೆಯಿಂದಲೂ ನೋಡಬಹುದು. ಅಚ್ಚಾದ ಪುಸ್ತಕ ಸುಲಭವಾಗಿ ಸಿಗುವಂತಾದ ಮೇಲೆ ಜನ ಅವಸರದಲ್ಲಿ ಓದುತ್ತಾರೆ, ಹಿಂದಿನವರಿಗೆ ಪುಸ್ತಕವೇ ಇಲ್ಲದ್ದರಿಂದ ಮನಸ್ಸಿನಲ್ಲಿಟ್ಟುಕೊಂಡು ನಿಧಾನವಾಗಿ ಅರಗಿಸಿಕೊಳ್ಳುತ್ತಿದ್ದರು ಎಂದು ಹನ್ನೆರಡನೆಯ ಶತಮಾನದ ವಿದ್ವಾಂಸ ಜು ಶಿ ಗೊಣಗಿದ್ದಾನೆ. ಮೊಬೈಲು ಬಂದ ಮೇಲೆ ನಾವು ಆಡುವ ಮಾತೂ ಇದೇ.

ಗುರುವಿಗೆ ಸಂಬಳ ಇತ್ತೇ? ಯಾರು ಬೇಕಾದರೂ ಕಲಿಯಬಹುದಿತ್ತೇ?

ಒಣಮಾಂಸದ ಒಂದು ಕಟ್ಟನ್ನಾದರೂ ತಂದವನಿಗೆ ಪಾಠ ನಿರಾಕರಿಸಿಲ್ಲ ಎಂದು ಕನ್‌ಫ್ಯೂಷಿಯಸ್ ಹೇಳಿದ್ದರಿಂದ, ಆ ‘ಒಣಮಾಂಸದ ಕಟ್ಟು’ ಎಂಬ ಪದವೇ ಮುಂದೆ ಗುರುದಕ್ಷಿಣೆಗೆ ಹೆಸರಾಯಿತು. ಕಲಿಸುವಾಗ ವರ್ಗಭೇದ ಕೂಡದೆಂಬ ಮಾತೂ ಲುನ್ ಯುವಿನಲ್ಲಿದೆ. ವಾಸ್ತವದಲ್ಲಿ ತಡೆಯಾದದ್ದು ದಕ್ಷಿಣೆಗಿಂತ ಹೆಚ್ಚಾಗಿ, ದುಡಿಯುವ ವಯಸ್ಸಿನ ಮಗನನ್ನು ಇಪ್ಪತ್ತು ವರ್ಷ ಪುಸ್ತಕದ ಮುಂದೆ ಕೂರಿಸುವ ಖರ್ಚು.

ಹೆಣ್ಣುಮಕ್ಕಳ ಕಥೆ ಏನು?

ಪರೀಕ್ಷೆಯ ಬಾಗಿಲು ಅವರಿಗೆ ಪೂರ್ತಿ ಮುಚ್ಚಿತ್ತು. ಮನೆಯೊಳಗೆ ಓದಿದವರು ಇದ್ದೇ ಇದ್ದರು, ಮತ್ತು ಗ್ರಂಥಗಳ ಉಳಿವಿನಲ್ಲಿ ಅವರ ಪಾಲು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಕ್ರಿ.ಶ. ಒಂದನೆಯ ಶತಮಾನದ ಬಾನ್ ಜಾವ್ ತನ್ನ ಅಣ್ಣ ಅರ್ಧಕ್ಕೆ ಬಿಟ್ಟ ರಾಜವಂಶದ ಇತಿಹಾಸವನ್ನು ಮುಗಿಸಿದಳು. ಅದನ್ನು ಅವಳ ಬಳಿ ಪಾಠ ಹೇಳಿಸಿಕೊಂಡ ಮಾ ರೊಂಗ್ ಮುಂದೆ ಹಾನ್ ಕಾಲದ ಹೆಸರಾಂತ ಭಾಷ್ಯಕಾರನಾದ. ಹೆಣ್ಣಿಗೆ ವಿನಯ, ಸಹನೆಗಳನ್ನು ವಿಧಿಸುವ ಅವಳ ಕಿರುಪುಸ್ತಕವನ್ನು ಇಂದು ಓದುವಾಗ ಮುಜುಗರವಾಗುತ್ತದೆ. ಆದರೆ ಅದೇ ಪುಸ್ತಕದಲ್ಲಿ, ಎಂಟನೆಯ ವಯಸ್ಸಿಗೆ ಓದು ಕಲಿಸಬೇಕೆಂದು ವಿಧಿಗ್ರಂಥ ಹೇಳಿರುವಾಗ ಅದು ಗಂಡುಮಕ್ಕಳಿಗೆ ಮಾತ್ರವೆಂದು ಯಾಕೆ ತಿಳಿಯಬೇಕು ಎಂದೂ ಕೇಳಿದ್ದಾಳೆ. ನಾಲ್ಕನೆಯ ಶತಮಾನದಲ್ಲಿ, ‘ಜೌ ವಂಶದ ವಿಧಿಗಳು’ ಗ್ರಂಥದ ಪಾಠಪರಂಪರೆ ಕಡಿದುಹೋಗುವ ಹಂತದಲ್ಲಿದ್ದಾಗ, ತಂದೆಯಿಂದ ಅದನ್ನು ಕಲಿತಿದ್ದ ಸೊಂಗ್ ಮನೆತನದ ಎಂಬತ್ತರ ಮುದುಕಿಯೊಬ್ಬಳು ಕೆಂಪು ಪರದೆಯ ಹಿಂದೆ ಕುಳಿತು 120 ವಿದ್ಯಾರ್ಥಿಗಳಿಗೆ ದಾಟಿಸಿದಳು.

## ಪರೀಕ್ಷೆಯ ಕೊಠಡಿಯಲ್ಲಿ

ಈ ಗ್ರಂಥಗಳು ಸರ್ಕಾರಿ ನೌಕರಿಯ ಪಠ್ಯವಾದದ್ದು ಯಾವಾಗಿನಿಂದ?

ಹಾನ್ ವಂಶದ ವು ಚಕ್ರವರ್ತಿ ಕ್ರಿ.ಪೂ. 136ರಲ್ಲಿ ಐದು ಗ್ರಂಥಗಳಿಗೆ ಆಸ್ಥಾನ ಪಂಡಿತರನ್ನು ನೇಮಿಸಿ, 124ರಲ್ಲಿ ಅವರ ಕೈಕೆಳಗೆ 50 ವಿದ್ಯಾರ್ಥಿಗಳ ರಾಜವಿದ್ಯಾಲಯವನ್ನು ಆರಂಭಿಸಿದ. ಓದು ಮುಗಿಸಿದವರಿಗೆ ಹುದ್ದೆ ಸಿಗುತ್ತಿತ್ತು. ಸ್ಪರ್ಧಾ ಪರೀಕ್ಷೆ ಅದಕ್ಕಿಂತ ತಡವಾಗಿ, ಸುಯ್ ವಂಶದ ಕಾಲದಲ್ಲಿ, ಸಾಮಾನ್ಯವಾಗಿ 605 ಎಂದು ಹೇಳುವ ವರ್ಷದಲ್ಲಿ ಬಂತು.

ತಾಂಗ್ ಕಾಲದ ಗ್ರಂಥಪರೀಕ್ಷೆ ಇಂದಿನ ಮಕ್ಕಳಿಗೂ ಪರಿಚಿತವೆನಿಸಬಹುದು: ಪುಟದ ಒಂದು ಸಾಲನ್ನು ಬಿಟ್ಟು ಉಳಿದದ್ದನ್ನು ಮುಚ್ಚಿ, ಆ ಸಾಲಿನಲ್ಲೂ ಕೆಲವು ಅಕ್ಷರಗಳ ಮೇಲೆ ಕಾಗದ ಅಂಟಿಸಿ, ಅಡಗಿದ ಅಕ್ಷರ ಯಾವುದೆಂದು ಕೇಳುತ್ತಿದ್ದರು. ಬಿಟ್ಟ ಸ್ಥಳ ತುಂಬಿರಿ ಎನ್ನುವುದರ ಮುತ್ತಜ್ಜ ಇದು. ಆಗ ಹೆಚ್ಚು ಮರ್ಯಾದೆ ಇದ್ದದ್ದು ಪದ್ಯ ಮತ್ತು ಆಡಳಿತ ಪ್ರಬಂಧ ಬರೆಸುವ ಇನ್ನೊಂದು ಪರೀಕ್ಷೆಗೆ. ಗ್ರಂಥಪರೀಕ್ಷೆಯಲ್ಲಿ ಮೂವತ್ತಕ್ಕೆ ತೇರ್ಗಡೆಯಾದವನು ಮುದುಕ, ಇದರಲ್ಲಿ ಐವತ್ತಕ್ಕೆ ತೇರ್ಗಡೆಯಾದವನೂ ಹುಡುಗ ಎಂಬ ಗಾದೆಯೇ ಇತ್ತು. 1071ರಲ್ಲಿ ಸುಧಾರಕ ಮಂತ್ರಿ ವಾಂಗ್ ಆನ್‌ಶಿ ಪದ್ಯವನ್ನು ಕಿತ್ತುಹಾಕಿ, ಬರಿಯ ನೆನಪನ್ನಲ್ಲದೆ ಗ್ರಂಥದ ಅರ್ಥವನ್ನು ವಿವರಿಸುವ ಪ್ರಬಂಧವನ್ನು ಕೇಳತೊಡಗಿದ. ಯಾರ ವಿವರಣೆ ಸರಿ ಎಂಬ ಪ್ರಶ್ನೆ ಅಲ್ಲಿಂದ ರಾಜಕೀಯದ ಪ್ರಶ್ನೆಯಾಯಿತು.

‘ಎಂಟು ಕಾಲಿನ ಪ್ರಬಂಧ’ ಅಂದರೆ ಏನು? ಹೆಸರೇ ವಿಚಿತ್ರವಾಗಿದೆ.

ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಗಟ್ಟಿಯಾದ ಉತ್ತರದ ಅಚ್ಚು ಇದು. ನಾಲ್ಕು ಪುಸ್ತಕಗಳ ಒಂದು ಸಾಲನ್ನು ವಿಷಯವಾಗಿ ಕೊಡುತ್ತಿದ್ದರು. ವಿದ್ಯಾರ್ಥಿ ಮೊದಲ ಎರಡು ವಾಕ್ಯಗಳಲ್ಲಿ ‘ವಿಷಯವನ್ನು ಒಡೆಯಬೇಕು’, ಅಂದರೆ ಸಾಲಿನ ಮಾತುಗಳನ್ನೇ ಮರಳಿ ಬಳಸದೆ ಅದರ ತಿರುಳು ಬಿಚ್ಚಬೇಕು. ನಂತರ ಅದನ್ನು ಮುಂದುವರಿಸಿ, ಪೀಠಿಕೆ ಹಾಕಿ, ನಾಲ್ಕು ಜೋಡಿ ಖಂಡಗಳನ್ನು ಬರೆಯಬೇಕು. ಪ್ರತಿ ಜೋಡಿಯಲ್ಲೂ ಒಂದು ಖಂಡದ ವಾಕ್ಯರಚನೆ, ಉದ್ದ, ಪದಗಳ ಜಾತಿ ಇನ್ನೊಂದಕ್ಕೆ ಸರಿಹೊಂದಬೇಕು. ಈ ಎಂಟು ಖಂಡಗಳೇ ಎಂಟು ಕಾಲುಗಳು. ಒಟ್ಟು ಬರಹ ಕೊನೆಯ ರಾಜವಂಶವಾದ ಚಿಂಗ್ ಕಾಲದಲ್ಲಿ (1644–1912) ಏಳುನೂರು ಅಕ್ಷರ ಮೀರುವಂತಿರಲಿಲ್ಲ. ಜೊತೆಗೆ ಬರೆಯುವವನು ತನ್ನ ದನಿಯಲ್ಲಿ ಮಾತನಾಡದೆ, ಆ ಸಾಲನ್ನು ಆಡಿದ ಗುರುವೇ ಬಾಯಿಬಿಟ್ಟು ವಿವರಿಸುತ್ತಿರುವಂತೆ ಬರೆಯಬೇಕು. ಒಂದು ಬಗೆಯಲ್ಲಿ ಇದು ಪರಕಾಯ ಪ್ರವೇಶ.

ನೂರಾರು ವರ್ಷ ಅವೇ ನಾಲ್ಕು ಪುಸ್ತಕಗಳಿಂದ ಪ್ರಶ್ನೆ ತೆಗೆದರೆ ಸಾಲುಗಳು ಮುಗಿದುಹೋಗುತ್ತವೆ, ಮಾದರಿ ಉತ್ತರಗಳ ಅಚ್ಚುಪುಸ್ತಕಗಳು ಪೇಟೆಗೆ ಬರುತ್ತವೆ. ಅದಕ್ಕೆ ಪರೀಕ್ಷಕರು ಕಂಡುಕೊಂಡ ಉಪಾಯವೆಂದರೆ ಒಂದು ವಾಕ್ಯದ ಬಾಲವನ್ನು ಮುಂದಿನ ವಾಕ್ಯದ ತಲೆಗೆ ಅಂಟಿಸಿ, ಅರ್ಥವೇ ಇಲ್ಲದ ತುಂಡನ್ನು ವಿಷಯವಾಗಿ ಕೊಡುವುದು. ಪುಸ್ತಕ ಪೂರ್ತಿ ಬಾಯಿಪಾಠವಿಲ್ಲದವನಿಗೆ ಆ ತುಂಡು ಎಲ್ಲಿಯದೆಂದೇ ತಿಳಿಯುತ್ತಿರಲಿಲ್ಲ. ಹದಿನೇಳನೆಯ ಶತಮಾನದ ವಿದ್ವಾಂಸ ಗು ಯಾನ್‌ವು, ಈ ಪ್ರಬಂಧದಿಂದಾದ ಹಾನಿ ಚಿನ್ ಚಕ್ರವರ್ತಿಯ ಬೆಂಕಿಗೆ ಸಮ ಎಂದು ಬರೆದ. ಕೋಪದ ಮಾತು ಎನ್ನಬಹುದು, ಆದರೆ ಪರೀಕ್ಷೆಗೆ ಬೇಕಾದಷ್ಟೇ ಓದಿ ಐದು ಗ್ರಂಥಗಳನ್ನು ಮುಟ್ಟದೆ ಬಿಟ್ಟವರನ್ನು ಅವನು ಕಣ್ಣಾರೆ ಕಂಡಿದ್ದ.

ಬಡವನ ಮಗನೂ ಮಂತ್ರಿಯಾಗಬಹುದಿತ್ತು ಎನ್ನುತ್ತಾರೆ. ನಿಜವೇ, ಕಥೆಯೇ?

ಪೂರ್ತಿ ನಿಜವೂ ಅಲ್ಲ, ಕಟ್ಟುಕಥೆಯೂ ಅಲ್ಲ. ಪಕ್ಷಪಾತ ತಡೆಯುವ ವ್ಯವಸ್ಥೆ ಗಂಭೀರವಾಗಿಯೇ ಇತ್ತು: ಸೊಂಗ್ ವಂಶದ ಕಾಲದಿಂದಲೇ (960–1279) ಉತ್ತರಪತ್ರಿಕೆಯ ಹೆಸರನ್ನು ಮುಚ್ಚುತ್ತಿದ್ದರು, ಕೈಬರಹದ ಗುರುತು ಸಿಗದಂತೆ ಗುಮಾಸ್ತರಿಂದ ಇಡೀ ಉತ್ತರವನ್ನು ನಕಲು ಮಾಡಿಸುತ್ತಿದ್ದರು. ನಾನ್‌ಜಿಂಗ್‌ನ ಪರೀಕ್ಷಾ ಆವರಣದಲ್ಲಿ ಒಬ್ಬೊಬ್ಬರಿಗೆ ಒಂದರಂತೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗೂಡುಗಳಿದ್ದವು. ಹಲಗೆಯೊಂದನ್ನು ಹಗಲು ಮೇಜಾಗಿ, ರಾತ್ರಿ ಮಂಚವಾಗಿ ಹಾಕಿಕೊಂಡು ಅಭ್ಯರ್ಥಿಗಳು ಮೂರು ಸರದಿಯಲ್ಲಿ ಬರೆಯುತ್ತಿದ್ದರು. ಮಿಂಗ್ (1368–1644) ಮತ್ತು ಚಿಂಗ್ ಕಾಲದ ಅತ್ಯುನ್ನತ ಪದವೀಧರರಲ್ಲಿ ಸುಮಾರು ಶೇಕಡಾ 30 ಮಂದಿಯ ಹಿಂದಿನ ಮೂರು ತಲೆಮಾರಿನಲ್ಲಿ ಯಾರಿಗೂ ಪದವಿ ಇರಲಿಲ್ಲವೆಂದು ಇತಿಹಾಸಕಾರ ಹೋ ಪಿಂಗ್-ತಿ ಲೆಕ್ಕ ಹಾಕಿದರು. ಅಜ್ಜ ಮುತ್ತಜ್ಜರನ್ನು ಎಣಿಸಿ ಚಿಕ್ಕಪ್ಪ, ಸೋದರಮಾವ, ಮಾವಂದಿರ ಆಸರೆಯನ್ನು ಬಿಟ್ಟರೆ ಚಿತ್ರ ಅರೆಬರೆಯಾಗುತ್ತದೆ ಎಂಬುದು ನಂತರದವರ ಆಕ್ಷೇಪ. ಆ ಆಕ್ಷೇಪದಲ್ಲಿ ಹುರುಳಿದೆ ಎಂದು ನನಗನಿಸುತ್ತದೆ.

ಬೀಜಿಂಗ್‌ನ ಕನ್‌ಫ್ಯೂಷಿಯಸ್ ಗುಡಿಯ ಅಂಗಳದಲ್ಲಿ 198 ಕಲ್ಲುಗಳ ಮೇಲೆ ತೇರ್ಗಡೆಯಾದ 51,624 ಮಂದಿಯ ಹೆಸರುಗಳಿವೆ. ಸೋತವರ ಕಲ್ಲು ಎಲ್ಲೂ ಇಲ್ಲ. ಗ್ವಾಂಗ್‌ಝೌನಲ್ಲಿ ಮತ್ತೆ ಮತ್ತೆ ಅನುತ್ತೀರ್ಣನಾಗಿ 1837ರಲ್ಲಿ ಹಾಸಿಗೆ ಹಿಡಿದು ದರ್ಶನಗಳನ್ನು ಕಂಡ ಹೊಂಗ್ ಶಿಯುಚ್ವಾನ್ ಎಂಬ ಹಳ್ಳಿ ಮೇಷ್ಟ್ರು ಮುಂದೆ ತೈಪಿಂಗ್ ದಂಗೆಯನ್ನು ಎಬ್ಬಿಸಿದ, ಅದು ಕೋಟಿಗಟ್ಟಲೆ ಜೀವಗಳನ್ನು ನುಂಗಿತು.

## ಇನ್ನಷ್ಟು ಒಳಕ್ಕೆ

‘ವಸಂತ ಶರತ್ತು’ ಒಣ ದಿನಚರಿಯಂತಿದೆ. ಅದರಲ್ಲಿ ನೀತಿ ಎಲ್ಲಿದೆ?

242 ವರ್ಷಗಳ ಘಟನೆಗಳನ್ನು ಒಂದೊಂದು ಸಾಲಿನಲ್ಲಿ ಹೇಳಿ ಮುಗಿಸುವ ಗ್ರಂಥ ಅದು. ಪದದ ಆಯ್ಕೆಯಲ್ಲೇ ಗುರು ತೀರ್ಪು ಅಡಗಿಸಿದ್ದಾನೆಂಬುದು ಭಾಷ್ಯಕಾರರ ನಂಬಿಕೆ. ಕ್ರಿ.ಪೂ. 722ರ ಒಂದು ದಾಖಲೆ ಆರೇ ಅಕ್ಷರಗಳದು: ‘ಜೆಂಗ್ ಒಡೆಯ ದ್ವಾನನನ್ನು ಯಾನ್‌ನಲ್ಲಿ ಸೋಲಿಸಿದ.’ ದ್ವಾನ್ ಆ ಒಡೆಯನ ಒಡಹುಟ್ಟಿದ ತಮ್ಮ. ತಾಯಿಯ ಕುಮ್ಮಕ್ಕಿನಿಂದ ದಂಗೆಗೆ ಅಣಿಯಾಗಿದ್ದ. ಈ ಗ್ರಂಥದ ಮೂರು ಭಾಷ್ಯಗಳಲ್ಲೊಂದಾದ ‘ಜುವೊ ಭಾಷ್ಯ’ ಹೀಗೆ ಬಿಡಿಸುತ್ತದೆ: ದ್ವಾನ್ ತಮ್ಮನಂತೆ ನಡೆದುಕೊಳ್ಳಲಿಲ್ಲ, ಆದ್ದರಿಂದ ‘ತಮ್ಮ’ ಎಂಬ ಪದವಿಲ್ಲ, ಇಬ್ಬರು ಅರಸರ ಕಾಳಗದಂತಿತ್ತು, ಆದ್ದರಿಂದ ‘ಸೋಲಿಸಿದ’ ಎಂದಿದೆ, ಅಣ್ಣನನ್ನು ‘ಒಡೆಯ’ ಎಂದದ್ದು ತಮ್ಮನಿಗೆ ಬುದ್ಧಿ ಕಲಿಸದೆ ಬಿಟ್ಟನೆಂಬ ಮೂದಲಿಕೆಗಾಗಿ. ಹೀಗೆ ಬರೆದದ್ದನ್ನಷ್ಟೇ ಅಲ್ಲದೆ ಬಿಟ್ಟದ್ದನ್ನೂ ಓದಲು ಕಲಿತವನು ಅಧಿಕಾರಿಯಾದ ಮೇಲೆ ಅರಮನೆಯ ಆಜ್ಞೆಗಳನ್ನೂ ಸಹೋದ್ಯೋಗಿಗಳ ಪತ್ರಗಳನ್ನೂ ಅದೇ ಕಣ್ಣಿನಿಂದ ಓದುತ್ತಿದ್ದ. ಭಾಷ್ಯದ ಈ ಅರ್ಥವೆಲ್ಲ ಮೂಲದಲ್ಲಿ ನಿಜಕ್ಕೂ ಇತ್ತೇ ಎಂಬುದು ಬೇರೆ ಮಾತು.

ಎಲ್ಲರೂ ಜು ಶಿ, ಜು ಶಿ ಎನ್ನುತ್ತಾರೆ. ಅವನು ಮಾಡಿದ್ದಾದರೂ ಏನು?

ಜು ಶಿ (1130–1200) ಪಠ್ಯಕ್ರಮವನ್ನೇ ಬದಲಿಸಿದ. ಐದು ಗ್ರಂಥಗಳು ಹಳೆಯ ಭಾಷೆಯ ಕಾಡು. ಅವುಗಳ ಮುಂದೆ ನಾಲ್ಕು ಸಣ್ಣ ಪುಸ್ತಕಗಳನ್ನು ಹೆಬ್ಬಾಗಿಲಂತೆ ನಿಲ್ಲಿಸಿ, ಸಾಲುಸಾಲಿಗೆ ಭಾಷ್ಯ ಬರೆದು, 1190ರಲ್ಲಿ ಒಟ್ಟಾಗಿ ಅಚ್ಚು ಹಾಕಿಸಿದ. ‘ಮಹಾವಿದ್ಯೆ’ಯ ಸಾಲುಗಳ ಕ್ರಮವನ್ನು ತನ್ನ ತಿಳಿವಳಿಕೆಯಂತೆ ಮರುಜೋಡಿಸಿದ್ದಲ್ಲದೆ, ‘ವಸ್ತುಗಳ ತಿರುಳನ್ನು ಅರಸುವುದು’ ಎಂಬ ವಿಷಯದ ಭಾಗ ಕಳೆದುಹೋಗಿದೆಯೆಂದು ಹೇಳಿ ತಾನೇ ಒಂದು ಖಂಡ ಬರೆದು ಸೇರಿಸಿದ. ಪ್ರಮಾಣಗ್ರಂಥಕ್ಕೆ ಹೀಗೆ ಕೈಹಾಕಿದವನ ಬೋಧನೆಗೆ ಅವನ ಕೊನೆಗಾಲದಲ್ಲಿ ಸುಳ್ಳುವಿದ್ಯೆಯೆಂಬ ಹಣೆಪಟ್ಟಿ ಹಚ್ಚಿ ನಿಷೇಧಿಸಲಾಯಿತು. ನೂರು ವರ್ಷ ಕಳೆಯುತ್ತಲೇ ಮಂಗೋಲ್ ಯುವಾನ್ ವಂಶ 1313ರ ಆಜ್ಞೆಯಲ್ಲಿ ಅವನ ಭಾಷ್ಯವನ್ನೇ ಪರೀಕ್ಷೆಯ ಅಧಿಕೃತ ಅರ್ಥವೆಂದು ಸಾರಿತು, ಆ ಸ್ಥಾನ 1905ರವರೆಗೆ ಕದಲಲಿಲ್ಲ.

ಕದಲಿಸಲು ನೋಡಿದವರಲ್ಲಿ ವಾಂಗ್ ಯಾಂಗ್‌ಮಿಂಗ್ (1472–1529) ಮುಖ್ಯ. ವಸ್ತುಗಳ ತಿರುಳನ್ನು ಅರಸಬೇಕೆಂಬ ಮಾತನ್ನು ಅಕ್ಷರಶಃ ಹಿಡಿದು, ಎಳೆಯ ಪ್ರಾಯದಲ್ಲಿ ಅಂಗಳದ ಬಿದಿರಿನ ಮುಂದೆ ಏಳು ದಿನ ನೋಡುತ್ತಾ ಕುಳಿತು ಕಾಯಿಲೆ ಬಿದ್ದೆನೆಂದು ಅವನೇ ಹೇಳಿಕೊಂಡಿದ್ದಾನೆ. ತಿಳಿವು ಬಿದಿರಿನಲ್ಲಿಲ್ಲ, ಮನಸ್ಸಿನಲ್ಲಿದೆ ಎಂಬ ತೀರ್ಮಾನಕ್ಕೆ ಬಂದ ಮೇಲೆ ಅವನು ಪ್ರಕಟಿಸಿದ್ದು ‘ಮಹಾವಿದ್ಯೆ’ಯ ಹಳೆಯ, ಜು ಶಿ ಕೈಯಾಡಿಸದ ಪಾಠವನ್ನು.

ಅರಸನಿಗೆ ತಲೆಬಾಗುವವರನ್ನು ತಯಾರಿಸಲಿಕ್ಕೇ ಅಲ್ಲವೇ ಇದೆಲ್ಲ?

ಅರಸರ ಉದ್ದೇಶ ಬಹುಮಟ್ಟಿಗೆ ಅದೇ. ಪಠ್ಯ ಮಾತ್ರ ಆ ಉದ್ದೇಶಕ್ಕೆ ಪೂರ್ತಿ ಒಗ್ಗಲಿಲ್ಲ. ಪ್ರಜೆ ಎಲ್ಲಕ್ಕಿಂತ ಮುಖ್ಯ, ನಾಡದೇವತೆಗಳು ನಂತರ, ಅರಸ ಕೊನೆಗೆ ಎಂದು ಮೆನ್‌ಶಿಯಸ್ ಹೇಳುತ್ತಾನೆ. ಶಾಂಗ್ ವಂಶದ ಕೊನೆಯ ದುಷ್ಟ ದೊರೆ ಜೌವನ್ನು ಕೊಂದದ್ದು ರಾಜಹತ್ಯೆಯಲ್ಲವೇ ಎಂದು ಕೇಳಿದ ರಾಜನಿಗೆ, ಜೌ ಎಂಬ ಒಬ್ಬ ಆಸಾಮಿಯನ್ನು ಕೊಂದರೆಂದು ಕೇಳಿದ್ದೇನೆ, ಅರಸನ ಕೊಲೆಯಾಯಿತೆಂದು ಕೇಳಿಲ್ಲ ಎಂದು ಉತ್ತರಿಸುತ್ತಾನೆ.

ಮಿಂಗ್ ವಂಶವನ್ನು ಸ್ಥಾಪಿಸಿದ ಹೊಂಗ್‌ವು ಚಕ್ರವರ್ತಿ ಬಡತನದಲ್ಲಿ ಬೆಳೆದು ಸಿಂಹಾಸನಕ್ಕೆ ಏರಿದವನು. ಇಂಥ ಸಾಲುಗಳನ್ನು ಓದಿ ಕೆರಳಿ, ಮೆನ್‌ಶಿಯಸ್‌ನ ಪೂಜಾಫಲಕವನ್ನು ಕನ್‌ಫ್ಯೂಷಿಯಸ್ ಗುಡಿಯಿಂದ ತೆಗೆಸಿದ, ಎದುರಾಡಿದವರಿಗೆ ಸಾವೇ ಗತಿ ಎಂದ. ಚಿಯಾನ್ ತಾಂಗ್ ಎಂಬ ಮಂತ್ರಿ, ಮೆನ್‌ಶಿಯಸ್‌ಗಾಗಿ ಸತ್ತರೆ ಆ ಸಾವೂ ಕೀರ್ತಿಯೇ ಎಂದು ಹೇಳಿ ಎದುರು ನಿಂತ. ಅಷ್ಟರಲ್ಲೇ ಫಲಕ ಗುಡಿಗೆ ಮರಳಿತು. ಆದರೆ ಚಕ್ರವರ್ತಿ ಮರೆಯಲಿಲ್ಲ; 1394ರಲ್ಲಿ 85 ಖಂಡಗಳನ್ನು ಕತ್ತರಿಸಿದ ಮೆನ್‌ಶಿಯಸ್ ಪಾಠ ಹೊರಬಂತು, ಕತ್ತರಿಸಿದ ಭಾಗಗಳಿಂದ ಪ್ರಶ್ನೆ ಕೇಳಕೂಡದೆಂಬ ಅಪ್ಪಣೆಯೊಂದಿಗೆ. ಅವನ ಮಗನ ಆಳ್ವಿಕೆಯಲ್ಲಿ ಪೂರ್ಣಪಾಠವೇ ಮತ್ತೆ ನಿಂತಿತು. ಲಕ್ಷಾಂತರ ಜನರ ಬಾಯಲ್ಲಿರುವ ಪುಸ್ತಕದಿಂದ ಪುಟ ಕೀಳುವುದು ಚಕ್ರವರ್ತಿಗೂ ಸುಲಭವಿರಲಿಲ್ಲ.

ಗ್ರಂಥಗಳಲ್ಲಿ ನಕಲಿ ಭಾಗಗಳೂ ಇವೆಯಂತೆ?

ಇವೆ, ಅದನ್ನು ಮೊದಲು ತೋರಿಸಿದವರೂ ಆ ಪರಂಪರೆಯೊಳಗಿನವರೇ. ‘ದಾಖಲೆಗಳು’ ಗ್ರಂಥದ 25 ಅಧ್ಯಾಯಗಳು ನಂತರದ ಕಾಲದಲ್ಲಿ ಹೆಣೆದವೆಂದು ಯಾನ್ ರುವೊಚು (1636–1704) ಹೆಸರು, ದಿನಾಂಕ, ಉಲ್ಲೇಖಗಳನ್ನು ಒಂದೊಂದಾಗಿ ತಾಳೆ ನೋಡಿ ತೋರಿಸಿದ. ಮನುಷ್ಯನ ಮನಸ್ಸು ಮತ್ತು ದಾರಿಯ ಮನಸ್ಸು ಎಂಬ ಭೇದವನ್ನು ಹೇಳುವ, ಜು ಶಿಯ ಸಿದ್ಧಾಂತಕ್ಕೆ ಆಧಾರವಾದ ಹದಿನಾರು ಅಕ್ಷರಗಳು ಇದ್ದದ್ದೂ ಆ ಭಾಗದಲ್ಲೇ. ಆದರೂ ಪರೀಕ್ಷೆ ಹಳೆಯ ದಾರಿಯಲ್ಲೇ ನಡೆಯಿತು. ಹೀಗೆ ಹಗಲು ಪರೀಕ್ಷೆಗೆ ಒಂದು ಅರ್ಥ, ರಾತ್ರಿ ಸಂಶೋಧನೆಗೆ ಇನ್ನೊಂದು ಅರ್ಥ ಹಿಡಿದು ಬದುಕಿದ ವಿದ್ವಾಂಸರ ತಲೆಮಾರುಗಳೇ ಇದ್ದವು.

ಈಚೆಗೆ ನೆಲವೇ ಸಾಕ್ಷಿ ಹೇಳತೊಡಗಿದೆ. 1993ರಲ್ಲಿ ಹುಬೈ ಪ್ರಾಂತದ ಗುವೊದಿಯಾನ್ ಎಂಬಲ್ಲಿ ಕ್ರಿ.ಪೂ. 300ರ ಆಸುಪಾಸಿನ ಗೋರಿಯಲ್ಲಿ ಸಿಕ್ಕ ಬಿದಿರಿನ ಪಟ್ಟಿಗಳಲ್ಲಿ ‘ವಿಧಿಗಳು’ ಗ್ರಂಥದ ಒಂದು ಅಧ್ಯಾಯ ಬಹುಮಟ್ಟಿಗೆ ಇದ್ದಹಾಗೇ ಇತ್ತು, ಖಂಡಗಳ ಕ್ರಮ ಮಾತ್ರ ಬೇರೆ. ಚಿನ್ ಬೆಂಕಿಗೂ ಮೊದಲಿನ ಪ್ರತಿ ಅದು.

ಚೀನಾದ ಹೊರಗೆ ಇವುಗಳ ಓದು ಇತ್ತೇ?

ಕೊರಿಯಾದಲ್ಲಿ 958ರಿಂದ 1894ರವರೆಗೆ, ವಿಯೆಟ್ನಾಂನಲ್ಲಿ 1075ರಿಂದ 1919ರವರೆಗೆ ಇವೇ ಗ್ರಂಥಗಳ ಮೇಲೆ ಪರೀಕ್ಷೆ ನಡೆಯಿತು. ಅಂದರೆ ಚೀನಾ ನಿಲ್ಲಿಸಿದ ಮೇಲೂ ವಿಯೆಟ್ನಾಂ ಹದಿನಾಲ್ಕು ವರ್ಷ ಮುಂದುವರಿಸಿತು. ಹನೋಯಿಯ ಸಾಹಿತ್ಯ ಗುಡಿಯಲ್ಲಿ ಆಮೆಗಳ ಬೆನ್ನೇರಿದ 82 ಪದವೀಧರ ಫಲಕಗಳು ಉಳಿದಿವೆ. ಜಪಾನಿನವರು ಚೀನೀ ಸಾಲಿಗೆ ಗುರುತುಗಳನ್ನು ಹಾಕಿಕೊಂಡು ತಮ್ಮ ಭಾಷೆಯ ಪದಕ್ರಮದಲ್ಲಿ ಓದುತ್ತಿದ್ದರು.

ನಮ್ಮ ಐಎಎಸ್ ಪರೀಕ್ಷೆಯ ಮೂಲವೂ ಚೀನಾ ಎನ್ನುತ್ತಾರಲ್ಲ?

ನೇರ ಮೂಲವಲ್ಲ, ಆದರೆ ದೂರದ ನಂಟಿದೆ. ಗ್ವಾಂಗ್‌ಝೌನಲ್ಲಿ ದುಭಾಷಿಯಾಗಿದ್ದ ಥಾಮಸ್ ಟೇಲರ್ ಮೆಡೋಸ್ 1847ರಲ್ಲೇ ಬ್ರಿಟನ್ ಚೀನಾದಂತೆ ಪರೀಕ್ಷೆಯ ಮೂಲಕ ಅಧಿಕಾರಿಗಳನ್ನು ಆರಿಸಬೇಕೆಂದು ಬರೆದಿದ್ದ. 1853ರ ಸನದು ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಶಿಫಾರಸಿನ ನೇಮಕಾತಿಯನ್ನು ನಿಲ್ಲಿಸಿ ಸ್ಪರ್ಧಾ ಪರೀಕ್ಷೆ ತಂದಿತು. ಅದರ ಪರ ವಿರೋಧ ಎರಡೂ ಕಡೆಯವರು ಚೀನಾದ ಉದಾಹರಣೆಯನ್ನು ಎಳೆದು ತಂದರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಸ್ವಂತ ಪರೀಕ್ಷಾ ಪದ್ಧತಿಯ ಪ್ರಭಾವವೂ ಅದರಲ್ಲಿ ಸಾಕಷ್ಟಿತ್ತು.

1905ರಲ್ಲಿ ಪರೀಕ್ಷೆಯನ್ನು ನಿಲ್ಲಿಸಿದ್ದು ಯಾಕೆ? ಈಗ ಚೀನಾದ ಮಕ್ಕಳು ಈ ಗ್ರಂಥಗಳನ್ನು ಓದುತ್ತಾರೆಯೇ?

ಜಪಾನಿನೆದುರು 1895ರಲ್ಲಾದ ಸೋಲು, 1900ರಲ್ಲಿ ವಿದೇಶಿ ಸೇನೆಗಳು ಬೀಜಿಂಗ್ ಹೊಕ್ಕದ್ದು, ಇವೆರಡರ ನಂತರ ಗಣಿತ, ವಿಜ್ಞಾನ ಕಲಿಸುವ ಹೊಸ ಶಾಲೆಗಳು ಬೇಕೆಂಬುದರಲ್ಲಿ ಭಿನ್ನಮತ ಉಳಿಯಲಿಲ್ಲ. ಆದರೆ ಹುದ್ದೆಗೆ ಹಳೆಯ ಪರೀಕ್ಷೆಯ ದಾರಿ ತೆರೆದಿರುವವರೆಗೆ ಮಕ್ಕಳನ್ನು ಹೊಸ ಶಾಲೆಗೆ ಯಾರೂ ಕಳಿಸರು ಎಂದು ಜಾಂಗ್ ಜಿದೊಂಗ್, ಯುವಾನ್ ಶಿಕಾಯ್ ಮೊದಲಾದ ಅಧಿಕಾರಿಗಳು ವಾದಿಸಿದರು. ಕೊನೆಯ ಅರಮನೆ ಪರೀಕ್ಷೆ 1904ರಲ್ಲಿ ನಡೆಯಿತು. ಗಣರಾಜ್ಯ ಬಂದ 1912ರಲ್ಲಿ ಪ್ರಾಥಮಿಕ ಶಾಲೆಯಿಂದ ಗ್ರಂಥಪಾಠವನ್ನೇ ತೆಗೆಸಿದ ಮೊದಲ ಶಿಕ್ಷಣ ಸಚಿವ ತ್ಸಾಯ್ ಯುವಾನ್‌ಪೈ ಸ್ವತಃ ಹಳೆಯ ಪರೀಕ್ಷೆಯ ಅತ್ಯುನ್ನತ ಪದವಿ ಪಡೆದವರು. 1919ರ ಚಳವಳಿಯ ಹೊತ್ತಿಗೆ ‘ಕನ್‌ಫ್ಯೂಷಿಯಸ್ ಅಂಗಡಿ ಕೆಡವಿ’ ಎಂಬ ಕೂಗು ಎದ್ದಿತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ರೆಡ್ ಗಾರ್ಡ್‌ಗಳು ಕನ್‌ಫ್ಯೂಷಿಯಸ್‌ನ ಹುಟ್ಟೂರು ಚುಫುವಿನ ಗುಡಿಯ ವಿಗ್ರಹ, ಶಿಲಾಫಲಕಗಳನ್ನು ಒಡೆದರು, ಗೋರಿಗಳನ್ನು ಅಗೆದರು.

ಈಗ ಗಾಳಿ ಬೇರೆ. ಏಳನೆಯ ತರಗತಿಯ ಭಾಷಾಪಠ್ಯದಲ್ಲಿ ಲುನ್ ಯುವಿನ ಹನ್ನೆರಡು ತುಣುಕುಗಳ ಪಾಠವಿದೆ, ಅದನ್ನು ಬಾಯಿಪಾಠ ಮಾಡಿಸುತ್ತಾರೆ. ತೈವಾನಿನ ವಾಂಗ್ ತ್ಸಾಯ್‌ಗುಯ್ ಆರಂಭಿಸಿದ ಮಕ್ಕಳ ಗ್ರಂಥಪಠನ ಚಳವಳಿ ಚೀನಾದಲ್ಲೂ ಹರಡಿ, ಮಕ್ಕಳನ್ನು ಶಾಲೆ ಬಿಡಿಸಿ ದಿನವಿಡೀ ಗ್ರಂಥಗಳನ್ನೇ ಓದಿಸುವ ಖಾಸಗಿ ಮನೆಪಾಠಗಳು ಹುಟ್ಟಿಕೊಂಡವು. ಹೀಗೆ ಬೆಳೆದವರಲ್ಲಿ ಕೆಲವರು ದೊಡ್ಡವರಾದ ಮೇಲೆ, ಸಾಲುಗಳು ಬಾಯಿಗೆ ಬರುತ್ತವೆ, ಸರಳವಾದ ಪುಟವೊಂದನ್ನು ಸ್ವಂತವಾಗಿ ಓದಿ ಅರ್ಥ ಮಾಡಿಕೊಳ್ಳಲು ಕಷ್ಟವಾಗುತ್ತದೆ ಎಂದು ದೂರಿದ್ದಾರೆ.

ನಾನು ಎಲ್ಲಿಂದ ಶುರು ಮಾಡಲಿ?

ಜು ಶಿ ಹೇಳುವ ಕ್ರಮ ‘ಮಹಾವಿದ್ಯೆ’, ಲುನ್ ಯು, ಮೆನ್‌ಶಿಯಸ್, ಕೊನೆಗೆ ‘ಮಧ್ಯಮ ನೆಲೆ’. ಹೊರಗಿನ ಓದುಗರಿಗೆ ನಾನು ಹೇಳುವುದು ಲುನ್ ಯುವಿನ ಹನ್ನೊಂದನೆಯ ಅಧ್ಯಾಯದ ಕೊನೆಯ ತುಣುಕು. ನಿಮ್ಮ ಬೆಲೆ ತಿಳಿದು ಯಾರಾದರೂ ಕೆಲಸ ಕೊಟ್ಟರೆ ಏನು ಮಾಡುತ್ತೀರಿ ಎಂದು ಗುರು ನಾಲ್ವರು ಶಿಷ್ಯರನ್ನು ಕೇಳುತ್ತಾನೆ. ಒಬ್ಬ ಸಂಕಟದಲ್ಲಿರುವ ನಾಡಿನ ಜನರಲ್ಲಿ ಧೈರ್ಯ ತುಂಬುತ್ತೇನೆನ್ನುತ್ತಾನೆ, ಒಬ್ಬ ಸಣ್ಣ ನಾಡನ್ನು ಸುಭಿಕ್ಷಗೊಳಿಸುತ್ತೇನೆನ್ನುತ್ತಾನೆ, ಒಬ್ಬ ವಿಧಿಗಳಲ್ಲಿ ಸಹಾಯಕನಾಗುತ್ತೇನೆನ್ನುತ್ತಾನೆ. ತಂತಿವಾದ್ಯ ಮೀಟುತ್ತಿದ್ದ ನಾಲ್ಕನೆಯವನು ಅದನ್ನು ಪಕ್ಕಕ್ಕಿಟ್ಟು, ವಸಂತದ ಕೊನೆಗೆ ಐದಾರು ದೊಡ್ಡವರು, ಆರೇಳು ಹುಡುಗರ ಜೊತೆ ಯೀ ಹೊಳೆಯಲ್ಲಿ ಮಿಂದು, ಗಾಳಿಗೆ ಮೈಯೊಡ್ಡಿ, ಹಾಡುತ್ತ ಮನೆಗೆ ಮರಳುತ್ತೇನೆ ಎನ್ನುತ್ತಾನೆ. ಗುರು ನಿಟ್ಟುಸಿರಿಟ್ಟು, ನಾನು ಇವನ ಕಡೆ ಎನ್ನುತ್ತಾನೆ.

ಆಮೇಲೆ ಮೆನ್‌ಶಿಯಸ್‌ನ ಮೊದಲ ಅಧ್ಯಾಯ, ‘ಹಾಡುಗಳು’ ಗ್ರಂಥದ ಜಾನಪದ ಭಾಗ. ‘ಪರಿವರ್ತನೆಗಳು’ ಕೊನೆಗಿರಲಿ. ಅನುವಾದ ಆರಿಸಿಕೊಳ್ಳುವಾಗ ಅದು ಯಾರ ಭಾಷ್ಯವನ್ನು ಹಿಡಿದಿದೆ ಎಂದು ಮುನ್ನುಡಿಯಲ್ಲಿ ನೋಡಿಕೊಳ್ಳಿ. ಜು ಶಿಯ ಬೆನ್ನು ಹಿಡಿದ ಅನುವಾದಕ್ಕೂ ಹಾನ್ ಕಾಲದ ಭಾಷ್ಯಗಳನ್ನು ನೆಚ್ಚಿದ ಅನುವಾದಕ್ಕೂ ಎಷ್ಟೋ ಸಾಲುಗಳಲ್ಲಿ ಅರ್ಥವೇ ಬೇರೆಯಾಗಿರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ನಾಲ್ಕೈದು ತುಣುಕು ಓದಿದರೆ ಲುನ್ ಯು ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ.